ಸಾಲವಿಲ್ಲದ ಮನೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಮಾಡಿದವರು ಗಂಡಸರೇ ಇರಬೇಕೆಂದು ನನಗೆ ಬಹುಕಾಲದಿಂದ ಅನುಮಾನ. ಏಕೆಂದರೆ ಮನೆ ಕಟ್ಟಿದರೂ ಮದುವೆ ಮಾಡಿದರೂ ಹೆಂಗಸರ ಪಾಲಿಗೆ ಬರುವ ಕೆಲಸ ಒಂದೇ, ಬಂದುಹೋಗುವವರಿಗೆಲ್ಲ ಕಾಫಿ ಕಾಯಿಸುವುದು. 2018ರಲ್ಲಿ ಮಗಳ ಮದುವೆ ಮಾಡಿ ನೋಡಿದ್ದಾಗಿತ್ತು. ಮರುವರ್ಷ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಮನೆಯನ್ನೂ ಕಟ್ಟಿ ನೋಡಿಯೇಬಿಡೋಣ ಎಂದು ಹೊರಟೆ.

ಮನೆ ಎಂದೊಡನೆ ನೀವು ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಹದಿನೈದಡಿ ಅಗಲ, ಇಪ್ಪತ್ತಡಿ ಉದ್ದ, ಒಟ್ಟು ಮೂರೇ ಚದರ. ಒಂದು ಕೋಣೆ, ಅದರ ಮೂಲೆಯಲ್ಲೇ ಅಡಿಗೆಕಟ್ಟೆ, ಹಿಂದುಗಡೆ ಬಚ್ಚಲು, ಮುಂದುಗಡೆ ಇಬ್ಬರು ಕೂತು ಸೊಪ್ಪು ಬಿಡಿಸುವಷ್ಟು ಜಗಲಿ. ನಕ್ಷೆ ನೋಡಿದ ನಮ್ಮಣ್ಣ, "ಇದೇನೇ ಇದು, ನಮ್ಮ ತಿಪಟೂರು ಸೀಮೆಯಲ್ಲಿ ಕೊಬ್ಬರಿ ಹಾಕೋ ಅಟ್ಟವೇ ಇದಕ್ಕಿಂತ ದೊಡ್ಡದಿರ್ತದಲ್ಲೇ" ಎಂದು ನಕ್ಕ. ನಾನೂ ನಕ್ಕೆ. ಆದರೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಏಳು ಬಾಡಿಗೆ ಮನೆ ಕಂಡವಳಿಗೆ, ಒಂದು ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಕೇಳಿ ಅಭ್ಯಾಸವಾದವಳಿಗೆ, ಆ ಮೂರು ಚದರ ಅರಮನೆಯಾಗಿಯೇ ಕಂಡಿತ್ತು.

ಜಾಗ ಹೇಗೋ ಇತ್ತು. ನನ್ನ ಯಜಮಾನರು ಇದ್ದಾಗ, 2009ರಲ್ಲಿ, ಊರಾಚೆ ಕೊಂಡ ಇಪ್ಪತ್ತು ಮೂವತ್ತರ ನಿವೇಶನ. ಅವರು ಹೋದ ಮೇಲೆ ಅದರಲ್ಲಿ ಪಾರ್ಥೇನಿಯಂ ಬೆಳೆಯುವುದನ್ನು ವರ್ಷವರ್ಷವೂ ನೋಡಿಕೊಂಡು ಬರುತ್ತಿದ್ದೆ. "ಹೋಂ ಲೋನ್ ತಗೋ ಅಮ್ಮ, ಸಂಬಳ ಇದೆಯಲ್ಲ, ನೆಟ್ಟಗೆ ಎಂಟು ಚದರ ಕಟ್ಟಿಸು" ಎಂದಳು ಮಗಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ನನಗೆ ಸಾಲವೆಂದರೆ ಹೊಟ್ಟೆಯಲ್ಲಿ ನಡುಕ. ನಮ್ಮಪ್ಪ ತೋಟಕ್ಕೆ ಬಾವಿ ತೆಗೆಸಲು ಮಾಡಿದ ಸಾಲ ಬಾವಿಗಿಂತ ಆಳಕ್ಕೆ ಹೋಯಿತು. ಬಾವಿಗೆ ನೀರು ಬರಲಿಲ್ಲ, ಸಾಲ ಕೊಟ್ಟವರು ಮಾತ್ರ ತಪ್ಪದೆ ಮನೆಗೆ ಬಂದರು. ಅವರು ಜಗಲಿಯ ಮೇಲೆ ಕೂತರೆ ಅಮ್ಮ ನಮ್ಮನ್ನು ಹೊರಗೆ ಕಳಿಸಿ "ಅಪ್ಪ ಮನೇಲಿಲ್ಲ" ಎಂದು ಹೇಳಿಸುತ್ತಿದ್ದಳು. ಅಪ್ಪ ಅಟ್ಟದ ಮೇಲೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಹೇಳಿಕೊಡುವಾಗಲೆಲ್ಲ ನನಗೆ ಈಗಲೂ ಆ ಅಟ್ಟ ನೆನಪಾಗುತ್ತದೆ. ಆದ್ದರಿಂದ ಒಂದು ಹಟ ಹಿಡಿದೆ. ಮನೆ ಚಿಕ್ಕದಾದರೂ ಚಿಂತೆಯಿಲ್ಲ, ಯಾರಿಗೂ ಒಂದು ಪೈಸೆ ಕೊಡುವುದು ಇರಬಾರದು.

ಜಿ.ಪಿ.ಎಫ್.ನಲ್ಲಿದ್ದ ನನ್ನದೇ ದುಡ್ಡಿನಲ್ಲಿ ಎರಡು ಲಕ್ಷ ತೆಗೆದೆ. ಶಾಲೆಯ ಟೀಚರುಗಳೆಲ್ಲ ಸೇರಿ ಹಾಕಿದ್ದ ಚೀಟಿಯನ್ನು ಕೊನೆಯ ಕಂತಿನವರೆಗೆ ಕಾದು ಎತ್ತಿದ್ದರಿಂದ ತೊಂಬತ್ತು ಸಾವಿರ ಬಂತು. ಅಂಚೆ ಕಚೇರಿಯ ಆರ್.ಡಿ., ಬ್ಯಾಂಕಿನ ಉಳಿತಾಯ ಎಲ್ಲ ಗುಡಿಸಿ ಒಂದು ಲಕ್ಷ. ಒಟ್ಟು 3,90,000. ವಿಚಾರಿಸಿದ ಕಂಟ್ರಾಕ್ಟರು ಚದರಕ್ಕೆ ಒಂದೂವರೆ ಲಕ್ಷ ಎಂದರು. ಅಂದರೆ ನಾಲ್ಕೂವರೆ ಲಕ್ಷ. ಆಗದು ಎಂದುಕೊಂಡು, ಸಾಮಾನು ನಾನೇ ಕೊಂಡು, ಒಬ್ಬ ಮೇಸ್ತ್ರಿಯನ್ನು ಹಿಡಿದು, ದಿನಗೂಲಿ ಲೆಕ್ಕದಲ್ಲಿ ಮಾಡಿಸುವುದೆಂದು ಗಟ್ಟಿ ಮಾಡಿದೆ. 2019ರ ಸಂಕ್ರಾಂತಿ ಕಳೆದ ಮೇಲೆ ಗುದ್ದಲಿ ಪೂಜೆಯಾಯಿತು.

ಅಂದೇ ಇನ್ನೂರು ಪುಟದ ಒಂದು ನೋಟ್ ಬುಕ್ಕು ತೆಗೆದು ಲೆಕ್ಕ ಬರೆಯತೊಡಗಿದೆ. ಸಂಸಾರ ಮಾಡಿದ ಹೆಂಗಸಿಗೆ ಲೆಕ್ಕ ಹೊಸದಲ್ಲವಲ್ಲ. ತಿಂಗಳ ಕೊನೆಯಲ್ಲಿ ಸಾಸಿವೆ ಡಬ್ಬಿಯ ಚಿಲ್ಲರೆಯಲ್ಲಿ ಮೂರು ದಿನ ತಳ್ಳುವವರು ನಾವು. ಪಾಯದ ಸೈಜುಗಲ್ಲಿಗೆ 31,500. ಇಟ್ಟಿಗೆ ಒಂದಕ್ಕೆ 7 ರೂಪಾಯಿಯಂತೆ ಏಳು ಸಾವಿರಕ್ಕೆ 49,000. ಸಿಮೆಂಟು ಮೂಟೆಗೆ 360ರಂತೆ 130 ಮೂಟೆಗೆ 46,800. ಮರಳಿಗೆ 28,000. ಹೀಗೆ ಮೊಳೆ, ತಿರುಪು, ಬಚ್ಚಲಿನ ಚಿಲಕದವರೆಗೆ ಪ್ರತಿಯೊಂದನ್ನೂ ಬರೆದೆ.

ಉಳಿಸುವುದಕ್ಕೆ ಏನೇನು ದಾರಿಯಿದೆಯೋ ಎಲ್ಲವನ್ನೂ ಹುಡುಕಿದೆ. ತಿರುವನಂತಪುರದಲ್ಲಿ ನೆಲೆಸಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದ ಲಾರಿ ಬೇಕರ್ ಅವರ ಹೆಸರು ಕೇಳಿದ್ದೆ. 2007ರಲ್ಲಿ ತೀರಿಕೊಂಡ ಆ ಹಿರಿಯರು, ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಗೋಡೆಯ ನಡುವೆ ಟೊಳ್ಳು ಬಿಟ್ಟು ಕಟ್ಟುವ 'ರ‍್ಯಾಟ್ ಟ್ರ್ಯಾಪ್' ಎಂಬ ವರಸೆಯನ್ನು ಬಳಕೆಗೆ ತಂದವರು. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪೂ ಇರುತ್ತದೆ. ಚಿತ್ರ ಬರೆದು ಮೇಸ್ತ್ರಿಗೆ ತೋರಿಸಿದರೆ ಅವನು, "ಇಲಿ ಬೋನಿನ ಗೋಡೆ ಕಟ್ಟಿ, ನಾಳೆ ಗೋಡೆ ಟೊಳ್ಳು ಅಂದ್ರೆ ನನ್ನ ಹೆಸರೂ ಟೊಳ್ಳಾಗ್ತದೆ ಮೇಡಂ" ಎಂದ. ಅಲ್ಲಿಗೆ ಬೇಕರ್ ಸಾಹೇಬರನ್ನು ಕೈಬಿಟ್ಟೆ.

ಸೂರಿನ ವಿಷಯದಲ್ಲಿ ಮಾತ್ರ ಅದೃಷ್ಟ ಕೂಡಿಬಂತು. ಅಣ್ಣ ಊರಿನ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ್ದ. ಅದರ ಹೆಂಚುಗಳು ಹಿತ್ತಲಿನಲ್ಲಿ ಪಾಚಿ ಕಟ್ಟಿಕೊಂಡು ಬಿದ್ದಿದ್ದವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬಯಲುಸೀಮೆಯ ನಮ್ಮಂಥವರ ಮನೆಗಳ ಮೇಲೂ ಆ ಕೆಂಪು ಏರಿತು. ಚಿಕ್ಕಂದಿನಲ್ಲಿ ಜ್ವರ ಬಂದು ಮಲಗಿದಾಗ ಒಂದೊಂದೇ ಎಣಿಸುತ್ತಿದ್ದ ಹೆಂಚುಗಳವು. "ತಗೊಂಡೋಗೇ, ಇಲ್ಲಿ ಹಾವು ಸೇರ್ಕೊಳ್ಳೋದು ತಪ್ತದೆ" ಎಂದ ಅಣ್ಣ. ಆರುನೂರ ನಲವತ್ತು ಹೆಂಚು ಟ್ರ್ಯಾಕ್ಟರಿನಲ್ಲಿ ಬಂದವು. ನೋಟ್ ಬುಕ್ಕಿನಲ್ಲಿ "ಹೆಂಚು: ಇಲ್ಲ. ಟ್ರ್ಯಾಕ್ಟರು ಬಾಡಿಗೆ: 1,200" ಎಂದು ಬರೆದು ಹೆಮ್ಮೆಪಟ್ಟುಕೊಂಡೆ.

ಹೀಗೆ ಎಷ್ಟು ಜಾಣತನ ಮಾಡಿದರೂ ಏಪ್ರಿಲ್ ಹೊತ್ತಿಗೆ ದುಡ್ಡು ಕರಗಿತು. ಖರ್ಚು ಕಡಿಮೆ ಮಾಡಬೇಕು, ಎಲ್ಲಿ? ಸಿಮೆಂಟಿನ ಅಂಗಡಿಯಲ್ಲಿ ಚೌಕಾಸಿ ಮಾಡಲು ಹೋದೆ. ಆಗ ಸಿಮೆಂಟಿಗೆ ಶೇಕಡಾ 28 ಜಿ.ಎಸ್.ಟಿ. "ಸರಕಾರದ ಹತ್ತಿರ ಚೌಕಾಸಿ ಮಾಡಿ ಮೇಡಂ" ಎಂದು ಅಂಗಡಿಯವನು ನಕ್ಕ. ಕಬ್ಬಿಣದ ದರ ಪೇಟೆ ಹೇಳಿದ್ದು. ಕರೆಂಟಿನವರ ಶುಲ್ಕ ರಸೀದಿಯಲ್ಲಿ ಅಚ್ಚಾದದ್ದು. ಕಲ್ಲು ಬಗ್ಗಲಿಲ್ಲ, ಕಬ್ಬಿಣ ಬಗ್ಗಲಿಲ್ಲ, ತೆರಿಗೆಯಂತೂ ಬಗ್ಗುವ ಜಾತಿಯೇ ಅಲ್ಲ. ಇಡೀ ಲೆಕ್ಕದಲ್ಲಿ ಬಗ್ಗುವಂಥದ್ದು ಒಂದೇ ಉಳಿದಿತ್ತು, ಮನುಷ್ಯರು. ಅವರಲ್ಲೂ ಮೇಸ್ತ್ರಿ ಬಗ್ಗುವವನಲ್ಲ. ಅವನಿಗೆ ಬೇರೆ ಹತ್ತು ಕಡೆ ಕೆಲಸವಿತ್ತು.

ಅವನ ಕೈಕೆಳಗೆ ಒಬ್ಬ ಗಂಡಾಳು, ಒಬ್ಬಳು ಹೆಣ್ಣಾಳು. ಮೇಸ್ತ್ರಿಗೆ ದಿನಕ್ಕೆ 750, ಗಂಡಾಳಿಗೆ 500, ಹೆಣ್ಣಾಳಿಗೆ 350. ಮೊದಲ ವಾರ ಬಟವಾಡೆ ಮಾಡುವಾಗ, "ಈಕೆಗೆ ಯಾಕಪ್ಪ ಕಡಿಮೆ?" ಎಂದು ಕೇಳಿದ್ದೆ. "ರೂಢಿ ಮೇಡಂ. ನೀವು ಐನೂರು ಕೊಟ್ರೆ ನಾಳೆ ಊರಲ್ಲೆಲ್ಲ ಅದೇ ಕೇಳ್ತಾರೆ, ರೇಟು ಕೆಡಿಸಬೇಡಿ" ಎಂದ. ನಿಜ ಹೇಳಬೇಕೆಂದರೆ ಆ ಉತ್ತರ ಕೇಳಿ ನನಗೆ ಸಮಾಧಾನವೇ ಆಯಿತು. ನ್ಯಾಯ ಕೇಳಿದ ಹಾಗೂ ಆಯಿತು, ದುಡ್ಡು ಉಳಿದ ಹಾಗೂ ಆಯಿತು! ಗಂಡಾಳು ಮಾಡುವ ಕೆಲಸವನ್ನೇ ಆಕೆಯೂ ಮಾಡುತ್ತಿದ್ದಳು. ಇಟ್ಟಿಗೆ ಹೊರುತ್ತಿದ್ದಳು, ಗಾರೆ ಕಲಸುತ್ತಿದ್ದಳು. ಹೊರುವ ತಲೆ ಹೆಂಗಸಿನದೆಂದು ಬಾಂಡಲಿಯೇನೂ ಹಗುರಾಗುವುದಿಲ್ಲ.

ಅದು ಸಾಲದೆಂಬಂತೆ ಬೇಸಗೆಯ ಕೊನೆಗೆ ಭರಣಿ ಮಳೆ ಹಿಡಿಯಿತು. ಮಧ್ಯಾಹ್ನ ಮೋಡ ಕವಿದು ಕೆಲಸ ನಿಂತ ದಿನ ಮೇಸ್ತ್ರಿಗೆ ಪೂರ್ತಿ ಕೂಲಿ ಕೊಟ್ಟೆ, ಇಲ್ಲದಿದ್ದರೆ ಅವನು ನಾಳೆ ಬರುತ್ತಿರಲಿಲ್ಲ. ಆಕೆಗೆ ಅರ್ಧ ದಿನದ್ದು ಹಿಡಿದುಕೊಂಡೆ. ಆಕೆ ಬರುತ್ತಾಳೆಂದು ನನಗೆ ಗೊತ್ತಿತ್ತು. ಹಾಗೆ ನಾಲ್ಕು ಸಲ. ಪಾಪವೆನಿಸಿ ಒಂದು ದಿನ ಮನೆಯಿಂದ ಹಳೆಯ ಸೀರೆಯೊಂದನ್ನು ತಂದುಕೊಟ್ಟೆ. ಕೆಲಸದ ನಡುವೆ ಎರಡು ಹೊತ್ತು ಕಾಫಿ ಕೊಡುತ್ತಿದ್ದೆ. "ಮನೆಯವಳ ಹಾಗೆ ನೋಡಿಕೊಂಡಿದ್ದೀನಿ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದೂ ಉಂಟು.

ಇನ್ನು ನಮ್ಮಕ್ಕನ ವಿಷಯ ಹೇಳಬೇಕು. ಅದೇ ಊರಿನಲ್ಲಿ ಅರ್ಧ ಮೈಲಿ ದೂರದಲ್ಲಿ ಅವಳ ಮನೆ. ಮಂಡಿನೋವಿನವಳು. ಕೆಲಸ ನಡೆದ ಅಷ್ಟೂ ದಿನ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಕ್ಯಾರಿಯರ್ ಹಿಡಿದು ನಡೆದು ಬರುತ್ತಿದ್ದಳು, ಮುದ್ದೆ, ಹುಳಿ, ಮಜ್ಜಿಗೆ ಎಲ್ಲ ಸೇರಿ ಐದು ಜನರ ಊಟ. ನಾನು ಶಾಲೆಗೆ ಹೋದ ದಿನ ಬಿಸಿಲಿನಲ್ಲಿ ಒಂದು ಇಟ್ಟಿಗೆಯ ಮೇಲೆ ಕೂತು ಕೆಲಸ ನೋಡಿಕೊಳ್ಳುತ್ತಿದ್ದಳು. ಪಕ್ಕದ ಮನೆಯವರು ಗೋಡೆ ನೆನೆಸಲು ಅವರ ಬೋರ್‌ವೆಲ್ಲಿನ ನೀರು ಕೊಟ್ಟರು. ಅವರ ಹುಡುಗನಿಗೆ ಹತ್ತನೆಯ ತರಗತಿಯ ಕನ್ನಡ ವ್ಯಾಕರಣ ಹೇಳಿಕೊಟ್ಟು ಆ ಲೆಕ್ಕ ಸಮ ಮಾಡಿದೆ. ಅಕ್ಕನದು ಸಮ ಮಾಡುವುದು ಹೇಗೆ? ಕೆಲಸ ಮುಗಿದ ಮೇಲೆ ಒಂದು ರೇಷ್ಮೆ ಸೀರೆ, ಅದರ ಮಡಿಕೆಯೊಳಗೆ ಐದು ಸಾವಿರದ ಲಕೋಟೆ ಇಟ್ಟುಕೊಂಡು ಹೋದೆ. ಸೀರೆ ಬಿಡಿಸಿ ಲಕೋಟೆ ಕಂಡವಳೇ, "ನಾನೇನು ಮೆಸ್ ನಡೆಸ್ತಿದ್ನೇನೇ?" ಎಂದು ಎರಡನ್ನೂ ಹಿಂದಕ್ಕೆ ತಳ್ಳಿದಳು. ಎಂಟು ದಿನ ಮಾತು ಬಿಟ್ಟಿದ್ದಳು.

2019ರ ಜೂನಿನಲ್ಲಿ ಗೃಹಪ್ರವೇಶವಾಯಿತು. ಒಟ್ಟು ಖರ್ಚು 4,15,450. ಕೊರತೆ ಬಿದ್ದದ್ದಕ್ಕೆ ಒಂದು ಜೊತೆ ಬಳೆ ಮಾರಿದ್ದೆ. ಮಿಕ್ಕದ್ದು ಸಂಬಳದಲ್ಲಿ ಸರಿಹೋಯಿತು. ಬಂದವರೆಲ್ಲ ಕೆಂಪು ನೆಲ ಸವರಿ ನೋಡಿ "ಗೂಡಿನ ಹಾಗಿದೆ ಕಣ್ರೀ" ಎಂದರೆ ನಾನು ತಪ್ಪದೆ ಸೇರಿಸುತ್ತಿದ್ದೆ, "ಒಂದು ಪೈಸೆ ಸಾಲವಿಲ್ಲ."

ಒಂಬತ್ತು ತಿಂಗಳು ಕಳೆಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಶಾಲೆ ಮುಚ್ಚಿತು. ಮೂರು ಚದರದ ಮನೆ ಗುಡಿಸಿ ಸಾರಿಸಲು ಎಷ್ಟು ಹೊತ್ತು ಬೇಕು? ಮಗಳು ಬಿಟ್ಟುಹೋಗಿದ್ದ ಕಾಲೇಜಿನ ಪುಸ್ತಕಗಳಲ್ಲಿ ಥೋರೋನ 'ವಾಲ್ಡನ್' ಸಿಕ್ಕಿತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ನೂರೆಪ್ಪತ್ತೈದು ವರ್ಷಗಳ ಹಿಂದೆ, 1845ರಲ್ಲಿ, ಅಮೆರಿಕದ ಕಾಂಕರ್ಡ್ ಎಂಬ ಊರಿನ ಬಳಿ, ಕೊಳದ ದಡದಲ್ಲಿ ಈ ಮನುಷ್ಯ ತಾನೇ ಒಂದು ಮನೆ ಕಟ್ಟಿಕೊಂಡ. ಹತ್ತಡಿ ಅಗಲ, ಹದಿನೈದಡಿ ಉದ್ದ. ನಮ್ಮ ಲೆಕ್ಕದಲ್ಲಿ ಒಂದೂವರೆ ಚದರ, ನನ್ನ ಮನೆಯ ಸರಿಯಾಗಿ ಅರ್ಧ! ಅವನೂ ಕೆಲಕಾಲ ಮೇಷ್ಟ್ರಾಗಿದ್ದವನು. ಅವನೂ ನನ್ನ ಹಾಗೆಯೇ ಲೆಕ್ಕ ಬರೆದಿದ್ದಾನೆ. ಹಲಗೆಗೆ 8 ಡಾಲರ್ ಮೂರೂವರೆ ಸೆಂಟು, ಸಾವಿರ ಹಳೆಯ ಇಟ್ಟಿಗೆಗೆ 4 ಡಾಲರ್, ಗಾಜು ಸಮೇತ ಎರಡು ಹಳೆಯ ಕಿಟಕಿಗೆ 2 ಡಾಲರ್ 43 ಸೆಂಟು, ಮೊಳೆಗೆ 3 ಡಾಲರ್ 90 ಸೆಂಟು. ಒಂದು ಸೆಂಟಿನ ಸೀಮೆಸುಣ್ಣವನ್ನೂ ಬಿಟ್ಟಿಲ್ಲ. ಒಟ್ಟು 28 ಡಾಲರ್ ಹನ್ನೆರಡೂವರೆ ಸೆಂಟು. ಆಗ ಅಲ್ಲಿನ ಕಾಲೇಜು ಹುಡುಗರು ಒಂದು ಕೋಣೆಗೆ ವರ್ಷಕ್ಕೆ ಕೊಡುತ್ತಿದ್ದ ಬಾಡಿಗೆ 30 ಡಾಲರ್ ಎಂದು ಅವನಿಗೆ ಬಲು ಹೆಮ್ಮೆ. ಓದಿ ಒಬ್ಬಳೇ ನಕ್ಕೆ. ಸೀಮೆಸುಣ್ಣದ ಲೆಕ್ಕ ಬರೆದ ಮೇಲೆ ಇವನು ನಮ್ಮವನೇ ಸರಿ ಎನಿಸಿತು.

ಆದರೆ ಲೆಕ್ಕ ತಿದ್ದಿ ತಿದ್ದಿ ಅಭ್ಯಾಸವಾದ ಕಣ್ಣು ಸುಮ್ಮನಿರುವುದಿಲ್ಲ. ಅವನ ಪಟ್ಟಿಯಲ್ಲಿ ಜಾಗದ ಬೆಲೆ ಇಲ್ಲ; ಜಾಗ ಅವನ ಹಿರಿಯ ಸ್ನೇಹಿತ ಎಮರ್ಸನ್ನನದು. ಮರ ಕಡಿದ ಕೊಡಲಿ ಎರವಲು ತಂದದ್ದು. ಹಲಗೆಗಳು ರೈಲು ದಾರಿಯಲ್ಲಿ ದುಡಿಯುತ್ತಿದ್ದ ಒಬ್ಬ ಐರಿಷ್ ಕೂಲಿಯವನ ಗುಡಿಸಲಿನವು. 4 ಡಾಲರ್ 25 ಸೆಂಟಿಗೆ ಕೊಂಡು, ಬೆಳಗಿನ ಆರು ಗಂಟೆಗೆ ಆ ಸಂಸಾರ ಗಂಟು ಕಟ್ಟಿಕೊಂಡು ಹೊರಟ ಮೇಲೆ ಬಿಚ್ಚಿ ತಂದ. ಇವನ್ನೆಲ್ಲ ಅವನೇ ಬರೆದಿದ್ದಾನೆ, ಮುಚ್ಚಿಟ್ಟಿಲ್ಲ. ಮುಂದೆ ಊಟ ಬಟ್ಟೆಯ ಖರ್ಚು ಬರೆಯುವಾಗ, ಬಟ್ಟೆ ಒಗೆಯುವುದು, ಹರಿದದ್ದು ಹೊಲಿಯುವುದು ಹೆಚ್ಚಾಗಿ ಮನೆಯಾಚೆ ಆದದ್ದರಿಂದ ಆ ಬಿಲ್ಲು ಇನ್ನೂ ಬಂದಿಲ್ಲ ಎನ್ನುವ ಅರ್ಥದ ಒಂದು ಸಾಲು ಬರುತ್ತದೆ. ಅಲ್ಲಿ ನಾನು ಪುಸ್ತಕ ಮುಚ್ಚಿದೆ.

ಬಿಲ್ಲು ಇನ್ನೂ ಬಂದಿಲ್ಲ! ಒಗೆದವರು ಯಾರು, ಹೊಲಿದವರು ಯಾರು? ಬಿಲ್ಲು ಕಳಿಸದವರು ಯಾರೆಂದು ಹೆಂಗಸಾದವಳಿಗೆ ಬಿಡಿಸಿ ಹೇಳಬೇಕೆ? ಎದ್ದು ನನ್ನ ನೋಟ್ ಬುಕ್ಕು ತೆಗೆದೆ. 4,15,450ರ ಅಷ್ಟು ಪುಟಗಳಲ್ಲಿ ಅಕ್ಕನ ಹೆಸರು ಒಂದು ಕಡೆಯೂ ಇರಲಿಲ್ಲ. ಆ ಹೆಣ್ಣಾಳಿನ ಹೆಸರಿನ ಮುಂದೆ ನಾಲ್ಕು ಕಡೆ "ಅರ್ಧ" ಎಂದು ಬರೆದಿತ್ತು.

ನಮ್ಮಲ್ಲಿ ಋಣದ ವಿಚಾರ ಬಹಳ ಹಳೆಯದು. ದೇವಋಣ, ಋಷಿಋಣ, ಪಿತೃಋಣ ಎಂದು ಹಿರಿಯರು ಹೇಳಿದರು. ಅನ್ನದ ಋಣ, ಮಣ್ಣಿನ ಋಣ ಎಂದು ನಾವೂ ದಿನಕ್ಕೊಮ್ಮೆ ಹೇಳುತ್ತೇವೆ. ಅಕ್ಕನ ಮುದ್ದೆ ಹುಳಿ ಋಣ. ಅಣ್ಣನ ಹೆಂಚು ಋಣ. ಅದಕ್ಕೆ ಬೆಲೆ ಕಟ್ಟಲು ಹೋದರೆ ಅವಮಾನ. ಐದು ಸಾವಿರ ಕಂಡು ಅಕ್ಕನಿಗೆ ಸಿಟ್ಟು ಬಂದದ್ದು ಅದು ಕಡಿಮೆಯಾಯಿತೆಂದಲ್ಲ, ನಾನು ಲೆಕ್ಕ ಚುಕ್ತಾ ಮಾಡಿ ಕೈ ತೊಳೆದುಕೊಳ್ಳಲು ಬಂದೆನೆಂದು. ಋಣವನ್ನು ತೀರಿಸುವುದಕ್ಕಿಂತ ನೆನಪಿಟ್ಟುಕೊಳ್ಳುವುದೇ ಮರ್ಯಾದೆ. ನಾಳೆ ಅವಳಿಗೆ ಕೈಲಾಗದ ದಿನ ನಾನು ಕ್ಯಾರಿಯರ್ ಹಿಡಿದು ಹೋಗಬೇಕು, ಅಷ್ಟೆ.

ಆದರೆ ಆ ಹೆಣ್ಣಾಳಿಗೆ ನಾನು ಕೊಡಬೇಕಾದದ್ದು ಋಣವಲ್ಲ, ಬಾಕಿ. ಬಾಕಿಗೆ ನೆನಪು ಸಾಲದು, ದುಡ್ಡೇ ಬೇಕು. ನಾನು ಮಾಡಿದ್ದೇನು? ಅಕ್ಕನ ಪ್ರೀತಿಗೆ ಲಕೋಟೆ ಕೊಡಲು ಹೋದೆ, ಕೂಲಿಯವಳ ಬೆವರಿಗೆ ಹಳೆಯ ಸೀರೆ ಕೊಟ್ಟೆ. ಎರಡು ಸೀರೆಗಳೂ ಹೋಗಬಾರದ ಕಡೆ ಹೋದವು. ಅಕ್ಕನಿಗೆ ಹಿಂದಕ್ಕೆ ತಳ್ಳುವ ಸ್ವಾತಂತ್ರ್ಯವಿತ್ತು. ಆಕೆಗೆ ಅದೂ ಇರಲಿಲ್ಲ, ಸುಮ್ಮನೆ ತೆಗೆದುಕೊಂಡಳು. "ಮನೆಯವಳ ಹಾಗೆ" ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ನಮ್ಮ ಮನೆಯ ಪಾತ್ರೆ ತೊಳೆಯುವವಳನ್ನೂ ಹಾಗೇ ಅನ್ನುತ್ತೇವೆ. ಸಂಬಳ ಹೆಚ್ಚು ಮಾಡಬೇಕಾದ ತಿಂಗಳಲ್ಲಂತೂ ಈ ಮಾತು ಇನ್ನೂ ಹೆಚ್ಚು ಬಾಯಿಗೆ ಬರುತ್ತದೆ. ಯೋಚಿಸಿ ನೋಡಿದರೆ, ಮನೆಯ ಹೆಂಗಸಿಗೂ ನಾವು ಕೂಲಿ ಕೊಡುವುದಿಲ್ಲವಲ್ಲ. ಬಹುಶಃ ಅದಕ್ಕೇ ಆ ಹೋಲಿಕೆ ನಮಗೆ ಅಷ್ಟು ಹಿತ.

ನನ್ನ ಪರವಾಗಿ ನಾನೇ ವಾದ ಮಾಡದೆ ಇರಲಿಲ್ಲ. ನಾನೇನು ಸಾಹುಕಾರಳೆ? ಬಳೆ ಮಾರಿ ಸೂರು ಹೊದಿಸಿದವಳು. ಊರಿಗೆಲ್ಲ ಇರುವ ರೂಢಿಯನ್ನು ಮುರಿಯಲು ಒಬ್ಬಳು ಮೂರು ಚದರದವಳಿಂದ ಆಗುತ್ತದೆಯೆ? ದೊಡ್ಡ ಬಂಗಲೆಯವರು ಕೊಡಲಿ ಮೊದಲು. ಕಾನೂನು ಕೂಡ ಚಿಕ್ಕವರಿಗೆ ರಿಯಾಯಿತಿ ಕೊಟ್ಟಿತ್ತು. ಆಗ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಹತ್ತು ಲಕ್ಷ ಮೀರದಂತೆ ಸ್ವಂತ ವಾಸದ ಮನೆ ಕಟ್ಟಿಸುವವರನ್ನು ಹೊರಗಿಟ್ಟಿತ್ತು. ಆದರೆ ಅದೇ ಕೈಯಲ್ಲಿ ನಾನು ಪ್ರತಿ ವರ್ಷ ಹತ್ತನೆಯ ತರಗತಿಯ ಕರಿಹಲಗೆಯ ಮೇಲೆ ಸಂವಿಧಾನದ 39ನೆಯ ವಿಧಿ ಬರೆದಿದ್ದೇನೆ, ಗಂಡಸರಿಗೂ ಹೆಂಗಸರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ. 1976ರಲ್ಲೇ ಅದಕ್ಕೊಂದು ಕಾಯ್ದೆಯೂ ಆಯಿತೆಂದು ಒಂದು ಅಂಕದ ಪ್ರಶ್ನೆ ಕೊಟ್ಟಿದ್ದೇನೆ. ನನಗೇ ಗಂಡಸು ಮೇಷ್ಟ್ರಿಗಿಂತ ನೂರೈವತ್ತು ಕಡಿಮೆ ಕೊಟ್ಟು "ರೂಢಿ ಮೇಡಂ" ಎಂದಿದ್ದರೆ ನಾನು ಸುಮ್ಮನಿರುತ್ತಿದ್ದೆನೆ? ಕಷ್ಟ ನನಗೂ ಇತ್ತು, ನಿಜ. ಆದರೆ ನನ್ನ ಕಷ್ಟದ ಒಂದು ಭಾಗವನ್ನು ನಾನು ಆಕೆಯ ತಲೆಯ ಮೇಲಿನ ಬಾಂಡಲಿಗೆ ಹಾಕಿದ್ದೆ. ಆಕೆ ಅದನ್ನು ಯಾರ ತಲೆಯ ಮೇಲೆ ಹಾಕಬೇಕಿತ್ತು?

ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ಟಿ.ವಿ.ಯಲ್ಲಿ ದಿನವೂ ಕಟ್ಟಡ ಕೆಲಸದವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದದ್ದು ನಿಮಗೂ ನೆನಪಿರಬಹುದು. ನನ್ನ ಸಂಬಳ ಮಾತ್ರ ತಿಂಗಳಾಯಿತೆಂದರೆ ಬ್ಯಾಂಕಿಗೆ ಬಂದು ಬೀಳುತ್ತಿತ್ತು. ಪಾಠ ಮಾಡದಿದ್ದರೂ ನನಗೆ ಪೂರ್ತಿ ಸಂಬಳ. ಮಳೆ ಬಂದದ್ದಕ್ಕೆ ಆಕೆಗೆ ಅರ್ಧ ಕೂಲಿ. ಆ ರಾತ್ರಿ ಲೆಕ್ಕ ಹಾಕಿದೆ. ಪೂರ್ತಿ ದಿನ ದುಡಿದದ್ದು ಐವತ್ತೆಂಟು. ದಿನಕ್ಕೆ 150ರ ವ್ಯತ್ಯಾಸ, 8,700. ಹಿಡಿದುಕೊಂಡ ಅರ್ಧ ದಿನಗಳು ನಾಲ್ಕು, 250ರಂತೆ 1,000. ಒಟ್ಟು 9,700. ಆ ಅರ್ಧ ದಿನಗಳ ಮೊದಲರ್ಧಕ್ಕೆ ಕೊಟ್ಟದ್ದೂ ಕಡಿಮೆಯೇ ಎಂದು ಆಮೇಲೆ ಹೊಳೆಯಿತು. ಲೆಕ್ಕ ಒಮ್ಮೆ ನೆಟ್ಟಗೆ ಹಾಕತೊಡಗಿದರೆ ನಿಲ್ಲುವುದೇ ಇಲ್ಲ.

ಜೂನಿನಲ್ಲಿ ಓಡಾಟ ಸಡಿಲವಾದ ಮೇಲೆ, ಮೇಸ್ತ್ರಿಯಿಂದ ವಿಳಾಸ ಕೇಳಿಕೊಂಡು ರೈಲ್ವೆ ಹಳಿಯ ಆಚೆ ಇರುವ ಅವಳ ಮನೆಗೆ ಹೋದೆ. ಮನೆ ನನ್ನದಕ್ಕಿಂತ ಚಿಕ್ಕದು, ತಗಡಿನ ಸೂರು. ಬಾಗಿಲಲ್ಲೇ ಅಕ್ಕಿ ಕೇರುತ್ತಿದ್ದಳು. ಮೂರು ತಿಂಗಳಿಂದ ಕೆಲಸವಿರಲಿಲ್ಲ. ಲಕೋಟೆ ಕೊಟ್ಟೆ. "ಏನು ಮೇಡಂ ಇದು?" ಎಂದಳು. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ಬಾಕಿ ಕಣಮ್ಮ" ಎಂದೆ, ದಿನಗಳ ಲೆಕ್ಕ ಹೇಳಿದೆ.

ಆಕೆ ಅಳಲಿಲ್ಲ, ಕೈ ಮುಗಿಯಲಿಲ್ಲ. ಮೊರ ಪಕ್ಕಕ್ಕಿಟ್ಟು ನೋಟುಗಳನ್ನು ನಿಧಾನವಾಗಿ ಎಣಿಸಿದಳು. ಎಣಿಸಿ, "ಅರ್ಧ ದಿನ ಐದು ಮೇಡಂ, ನಾಕಲ್ಲ" ಎಂದಳು. ನಾನು ಕಣ್ಣು ಬಿಟ್ಟೆ. "ಪಾಯದ ಕಲ್ಲಿನ ಲಾರಿ ಬರಲಿಲ್ಲ ನೋಡಿ ಒಂದಿನ. ಮಧ್ಯಾಹ್ನದ ಗಂಟ ಕೂರಿಸ್ಕೊಂಡು, ಇವತ್ತು ಕೆಲಸ ಇಲ್ಲ ಹೋಗಮ್ಮ ಅಂದ್ರಿ." ಆ ದಿನ ನನ್ನ ನೋಟ್ ಬುಕ್ಕಿನಲ್ಲಿ ಇರಲೇ ಇಲ್ಲ. ಕೆಲಸ ನಡೆಯದ ದಿನವೆಂದು ಬರೆದಿರಲಿಲ್ಲ. ಆಕೆಗೆ ಬರೆಯಲು ಬರುವುದಿಲ್ಲ. ಒಂದೂವರೆ ವರ್ಷದ ಹಿಂದಿನ ಅರ್ಧ ದಿನ ಆಕೆಯ ತಲೆಯಲ್ಲಿ ಹಾಗೇ ಇತ್ತು! ಪರ್ಸಿನಿಂದ 250 ತೆಗೆದುಕೊಟ್ಟೆ. ಸೆರಗಿನ ತುದಿಗೆ ಕಟ್ಟಿಕೊಂಡು, ನಾನು ಹೊರಟಾಗ ಕೇಳಿದಳು, "ಬಚ್ಚಲ ಕಡೆ ಗೋಡೆ ಬಿರುಕು ಬಿಟ್ಟಿಲ್ಲ ತಾನೇ ಮೇಡಂ? ಅದಕ್ಕೆ ಗಾರೆ ಪೂರ್ತಿ ನಾನೇ ಕಲಸಿದ್ದು."

"ಬಿಟ್ಟಿಲ್ಲ" ಎಂದೆ.

ಬರುವ ದಾರಿಯಲ್ಲಿ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಮೆಚ್ಚುತ್ತಾಳೇನೋ ಎಂಬ ಆಸೆ ಒಳಗೊಳಗೇ ಇದ್ದಿರಬೇಕು. ಅವಳು ಕೇಳುವುದೆಲ್ಲ ಕೇಳಿ, "ನಂಗೆ ಕೊಡೋಕೆ ಬಂದಿದ್ಯಲ್ಲ, ಆಗ ಅವಳದ್ದು ಕೊಟ್ಟೇ ಇರಲಿಲ್ವೇನೇ?" ಎಂದಳು. ನಾನು ತಲೆ ತಗ್ಗಿಸಿ ಕಾಫಿ ಕುಡಿದೆ.

ಈಗ ಆ ನೋಟ್ ಬುಕ್ಕಿನ ಕೊನೆಯ ಪುಟದಲ್ಲಿ 4,15,450 ಅನ್ನು ಹೊಡೆದುಹಾಕಿ 4,25,400 ಎಂದು ಬರೆದಿದ್ದೇನೆ. ಅದೂ ಪೂರ್ತಿ ಸರಿಯಾದ ಮೊತ್ತವೆಂದು ಹೇಳಲಾರೆ. ಅದರ ಕೆಳಗೆ ಅಕ್ಕನ ಹೆಸರು ಬರೆದು, ಎದುರಿಗೆ ರೂಪಾಯಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಮನೆ ನೋಡಲು ಬಂದವರು ಯಾರಾದರೂ "ಸಾಲ ಗೀಲ ಏನಿಲ್ಲ ತಾನೇ?" ಎಂದರೆ, ಮೊದಲಿನ ಹಾಗೆ ಥಟ್ಟನೆ ಉತ್ತರ ಬರುವುದಿಲ್ಲ. "ಬ್ಯಾಂಕಿನದೇನಿಲ್ಲ" ಎಂದು ಕಾಫಿಗಿಡಲು ಏಳುತ್ತೇನೆ.